‘ಮಂಗಳೂರಿಗೆ ಆರೆಂಜ್ ಅಲರ್ಟ್’: ಯಾವ ಮಂಗಳೂರಿಗೆ? ಬೇಸಿಗೆಯ ಹವಾಮಾನ ಮುನ್ಸೂಚನೆ ಓದುವುದು ಹೇಗೆ

ಏಪ್ರಿಲ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು, ‘ನಾಳೆಯಿಂದ ಭೀಕರ ಬಿಸಿಲು, ಮನೆಯಿಂದ ಹೊರಗೆ ಬರಬೇಡಿ’. ಇನ್ನೊಂದು, ‘ಗುಡುಗು ಸಿಡಿಲು ಸಹಿತ ಭಾರಿ ಮಳೆ, ರೆಡ್ ಅಲರ್ಟ್’. ಎಷ್ಟೋ ಸಲ ಎರಡೂ ಒಂದೇ ದಿನ, ಒಂದೇ ಗುಂಪಿಗೆ ಬರುತ್ತವೆ. ಓದಿದವರು ‘ಬಿಸಿಲೋ ಮಳೆಯೋ, ಮೊದಲು ಇವರೇ ತೀರ್ಮಾನ ಮಾಡಿಕೊಳ್ಳಲಿ’ ಎಂದು ನಕ್ಕು ಮುಂದಿನ ಗುಂಪಿಗೆ ದಾಟಿಸುತ್ತಾರೆ.

ಕೊಪ್ಪಳ ಜಿಲ್ಲೆಯವರಿಗೆ ಇನ್ನೊಂದು ತೊಡಕೂ ಇದೆ. ಯಲಬುರ್ಗಾ ಸೀಮೆಯಲ್ಲಿ, ಈಗಿನ ಕುಕನೂರು ತಾಲ್ಲೂಕಿನಲ್ಲಿ, ಮಂಗಳೂರು ಎಂಬ ಊರಿದೆ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ‘ಮಂಗಳೂರು’ ಎಂದು ಹುಡುಕಿದರೆ ಸಾಮಾನ್ಯವಾಗಿ ಮೊದಲು ಎದ್ದು ಬರುವುದು ಕಡಲ ತೀರದ ಮಂಗಳೂರು. ಎರಡರ ನಡುವೆ ನೇರ ಗೆರೆ ಎಳೆದರೂ ಮುನ್ನೂರು ಕಿಲೋಮೀಟರಿನಷ್ಟು ದೂರ. ನಡುವೆ ಪಶ್ಚಿಮ ಘಟ್ಟವೇ ಅಡ್ಡ ನಿಂತಿದೆ. ಅಲ್ಲಿ 34 ಡಿಗ್ರಿ ಮತ್ತು ಮೈತುಂಬ ಬೆವರು ಇರುವ ದಿನ ಇಲ್ಲಿ 41 ಡಿಗ್ರಿ ಮತ್ತು ಒಣ ಝಳ ಇರುವುದು ಸಹಜ. ‘ಇವತ್ತು ಮಂಗಳೂರಿನಲ್ಲಿ ಬಿಸಿಲು ಕಡಿಮೆ’ ಎಂದು ಆ್ಯಪ್ ನೋಡಿ ಮಧ್ಯಾಹ್ನ ಹೊಲಕ್ಕೆ ಹೊರಟವರಿಗೆ ಆ್ಯಪ್ ಸುಳ್ಳು ಹೇಳಿರುವುದಿಲ್ಲ. ಅದು ಹೇಳಿದ್ದು ಬೇರೆ ಊರಿನ ಸುದ್ದಿ, ಅಷ್ಟೇ. ಹೀಗಾಗಿ ಊರಿನ ಹೆಸರಿನ ಜೊತೆ ಜಿಲ್ಲೆಯ ಹೆಸರೂ ಕಾಣುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಕಾಣದಿದ್ದರೆ ಹತ್ತಿರದ ಯಲಬುರ್ಗಾ ಅಥವಾ ಕೊಪ್ಪಳವನ್ನೇ ಹುಡುಕುವುದು ಮೇಲು.

ಟಿವಿ ಸುದ್ದಿಯ ಸಾಲು ಫಾರ್ವರ್ಡ್ ಆದಾಗಲೂ ಇದೇ ಗೊಂದಲ. ‘ಮಂಗಳೂರಿಗೆ ಆರೆಂಜ್ ಅಲರ್ಟ್’ ಎಂಬ ಸಾಲು ಹೇಳುವುದು ದಕ್ಷಿಣ ಕನ್ನಡ ಜಿಲ್ಲೆಯ ಬಗ್ಗೆ.

ಮುನ್ಸೂಚನೆ ಯಾರು ಕೊಡುತ್ತಾರೆ, ಯಾವ ಅಳತೆಯಲ್ಲಿ

ಭಾರತೀಯ ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗ ಮಾಡಿಕೊಂಡಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಉತ್ತರ ಒಳನಾಡಿಗೆ ಸೇರಿದವು. ಮುನಿರಾಬಾದಿನಿಂದ ತುಂಗಭದ್ರೆ ದಾಟಿ ಹೊಸಪೇಟೆಗೆ ಹೋದರೆ ಇಲಾಖೆಯ ಲೆಕ್ಕದಲ್ಲಿ ನೀವು ದಕ್ಷಿಣ ಒಳನಾಡಿಗೆ ಹೋದಂತೆ. ಸೂರ್ಯನಿಗೆ ಈ ಗಡಿ ಗೊತ್ತಿಲ್ಲ, ನಿಜ. ಆದರೆ ‘ಉತ್ತರ ಒಳನಾಡಿನಲ್ಲಿ ಬಿಸಿಗಾಳಿ’ ಎಂಬ ಸಾಲು ಬಂದಾಗ ಅದರಲ್ಲಿ ನಮ್ಮ ಊರು ಇದೆಯೋ ಇಲ್ಲವೋ ಎಂದು ತಿಳಿಯಲು ಇದು ಬೇಕು. ಬೀದರ್‌ನಿಂದ ಹಾವೇರಿವರೆಗಿನ ಅಷ್ಟೂ ಜಿಲ್ಲೆಗಳಿಗೆ ಹೇಳಿದ ಮಾತು ಅದು. ಕುಷ್ಟಗಿಗೆಂದೇ ಹೇಳಿದ್ದಲ್ಲ.

ಅದರ ಕೆಳಗಿನ ಹಂತ ಜಿಲ್ಲಾ ಎಚ್ಚರಿಕೆ. ಮುಂದಿನ ಐದು ದಿನ ಯಾವ ಜಿಲ್ಲೆಗೆ ಯಾವ ಬಣ್ಣ ಎಂಬುದನ್ನು ಬೆಂಗಳೂರಿನ ಹವಾಮಾನ ಕೇಂದ್ರ ದಿನಾ ಪ್ರಕಟಿಸುತ್ತದೆ. ಇಲಾಖೆಯ ‘ದಿನ’ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ ಬೆಳಿಗ್ಗೆ 8.30ಕ್ಕೆ. ಬುಧವಾರದ ಎಚ್ಚರಿಕೆ ಇದ್ದು, ಮಳೆ ಗುರುವಾರ ನಸುಕಿನಲ್ಲಿ ಬಂದರೆ ಅದು ಬುಧವಾರದ ಲೆಕ್ಕಕ್ಕೇ ಸೇರುತ್ತದೆ.

ಇನ್ನೂ ಕೆಳಗಿನ ಹಂತ ‘ನೌಕಾಸ್ಟ್’, ಅಂದರೆ ಮುಂದಿನ ಮೂರು ಗಂಟೆಯ ಮಾತು. ರಾಡಾರ್, ಉಪಗ್ರಹ ಮತ್ತು ಮಿಂಚು ಗುರುತಿಸುವ ಸಾಧನಗಳಲ್ಲಿ ಮೋಡ ಕಂಡ ಮೇಲೆಯೇ ಇದನ್ನು ಕೊಡುತ್ತಾರೆ. ಸಿಡಿಲಿನ ವಿಷಯದಲ್ಲಿ ಜೀವ ಉಳಿಸುವುದು ಮುಖ್ಯವಾಗಿ ಈ ಹಂತದ ಮಾಹಿತಿ. ಆದರೆ ವಾಟ್ಸಾಪಿನಲ್ಲಿ ಅತಿ ಹೆಚ್ಚು ಕೆಡುವುದೂ ಇದೇ. ಮಧ್ಯಾಹ್ನ 2 ಗಂಟೆಗೆ ಕೊಟ್ಟ ನೌಕಾಸ್ಟ್ ಸಂಜೆ 5ಕ್ಕೆ ಹಳಸಿಹೋಗುತ್ತದೆ. ಗುಂಪುಗಳಲ್ಲಿ ಅದು ಮೂರು ದಿನ ಓಡಾಡುತ್ತದೆ.

ರಾಜ್ಯದ್ದೇ ಇನ್ನೊಂದು ವ್ಯವಸ್ಥೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಇದು ಈಗ ಬೆಂಗಳೂರಿನ ಯಲಹಂಕದಲ್ಲಿದೆ. ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನೂ ಇಟ್ಟುಕೊಂಡಿದೆ. ರೈತರು ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದಾದ ‘ವರುಣ ಮಿತ್ರ’ ಸಹಾಯವಾಣಿ ಇದರದ್ದೇ. ಕೊಪ್ಪಳದ ಮಂಗಳೂರಿನಂಥ ಊರಿಗೆ ಇದು ಹೆಚ್ಚು ಉಪಯೋಗದ್ದು ಎಂಬುದು ನಮ್ಮ ಅನಿಸಿಕೆ. ಫೋನಿನಲ್ಲಿ ಮಾತಾಡುವವರಿಗೆ ‘ಕೊಪ್ಪಳ ಜಿಲ್ಲೆಯ ಮಂಗಳೂರು’ ಎಂದು ಬಾಯಿಬಿಟ್ಟು ಹೇಳಬಹುದಲ್ಲ.

ಬಣ್ಣ ಮತ್ತು ಮಾತುಗಳ ಅರ್ಥ

ಹಸಿರು ಎಂದರೆ ಎಚ್ಚರಿಕೆಯೇನೂ ಇಲ್ಲ. ಹಳದಿ ಎಂದರೆ ಗಮನವಿಡಿ, ಆಗಾಗ ಸುದ್ದಿ ನೋಡುತ್ತಿರಿ. ಆರೆಂಜ್ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಹಳದಿಯನ್ನು ಹಲವರು ‘ಏನೂ ಆಗಲ್ಲ’ ಎಂದು ಓದುತ್ತಾರೆ. ಬೇಸಿಗೆಯ ಗುಡುಗು ಮಳೆಗೆ ಕೊಪ್ಪಳದಂಥ ಜಿಲ್ಲೆಗೆ ಸಾಮಾನ್ಯವಾಗಿ ಬರುವುದು ಹಳದಿಯೇ. ಬಯಲಿನಲ್ಲಿ ನಿಂತವರನ್ನು ಕೊಲ್ಲಲು ಒಂದು ಸಿಡಿಲು ಸಾಕು. ಅದಕ್ಕೆ ಕೆಂಪು ಬಣ್ಣ ಬೇಕಿಲ್ಲ.

ಮುನ್ಸೂಚನೆಯಲ್ಲಿ ಬರುವ ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂಬ ಮಾತುಗಳು ಬಾಯಿಗೆ ಬಂದಂತೆ ಬರೆದವಲ್ಲ. ಆ ಪ್ರದೇಶದ ಹವಾಮಾನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆಯಾದರೆ ‘ಒಂದೆರಡು ಕಡೆ’, ಶೇ 26ರಿಂದ 50 ಆದರೆ ‘ಕೆಲವೆಡೆ’, ಶೇ 51ರಿಂದ 75 ಆದರೆ ‘ಹಲವೆಡೆ’, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಹಾಗಾದರೆ ‘ಕೊಪ್ಪಳ ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎಂದು ಹೇಳಿದ ದಿನ ನಾಲ್ಕರಲ್ಲಿ ಮೂರು ಊರುಗಳಿಗೆ ಒಂದು ಹನಿಯೂ ಬೀಳದಿದ್ದರೂ ಮುನ್ಸೂಚನೆ ಸರಿಯೇ. ಬೇಸಿಗೆಯ ಒಂದು ಗುಡುಗು ಮೋಡದ ಅಗಲ ಹೆಚ್ಚೂಕಡಿಮೆ ಹತ್ತು ಕಿಲೋಮೀಟರ್, ಆಯಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಆಚೆ ಊರಿನ ಕೆರೆಗೆ ನೀರು, ಈಚೆ ಊರಿಗೆ ಬರೀ ಧೂಳು ಎಂಬುದು ರೈತರಿಗೆ ಹೊಸದೇನಲ್ಲ.

ಬಿಸಿಲು ಹಾಗಲ್ಲ. ಅದು ಕಲಬುರಗಿಯಿಂದ ಕೊಪ್ಪಳದವರೆಗೆ ಒಂದೇ ಹಚ್ಚಡದಂತೆ ಹಾಸಿಕೊಳ್ಳುತ್ತದೆ, ದಿನಗಟ್ಟಲೆ ಉಳಿಯುತ್ತದೆ. ಆದ್ದರಿಂದ ಬಿಸಿಲಿನ ಮುನ್ಸೂಚನೆಯನ್ನು ನಾಲ್ಕೈದು ದಿನ ಮೊದಲೇ ನಂಬಬಹುದು. ಗುಡುಗಿನ ವಿಷಯದಲ್ಲಿ ‘ಇಂಥ ದಿನ ಸಾಧ್ಯತೆ ಇದೆ’ ಎಂದು ಮೊದಲೇ ಹೇಳಬಹುದು. ಯಾವ ಊರು, ಎಷ್ಟು ಗಂಟೆ ಎಂಬುದನ್ನು ಹೇಳಲು ಮೋಡ ಹುಟ್ಟುವವರೆಗೆ ಕಾಯಲೇಬೇಕು. ‘ಬರುವ ಶುಕ್ರವಾರ ಸಂಜೆ 4ಕ್ಕೆ ಗಂಗಾವತಿಗೆ ಸಿಡಿಲು’ ಎಂದು ವಾರ ಮೊದಲೇ ಬರೆದ ಸಂದೇಶ ಬಂದರೆ ಅಳಿಸಿಹಾಕಿ. ಯಾವ ದೇಶದ ಯಾವ ಕಂಪ್ಯೂಟರಿಗೂ ಅದು ಆಗದ ಕೆಲಸ.

ಒಂದೇ ದಿನ ಬಿಸಿಲೂ ಸಿಡಿಲೂ ಏಕೆ

ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಹಗುರಾದ ಆ ಗಾಳಿ ಮೇಲೇಳುತ್ತದೆ. ಅದರಲ್ಲಿ ತೇವ ಇಲ್ಲದಿದ್ದರೆ ಸುಂಟರಗಾಳಿ, ಧೂಳು ಅಷ್ಟೇ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಒಂದು ಉದ್ದನೆಯ ಪಟ್ಟಿ ಆಗಾಗ ಏರ್ಪಡುತ್ತದೆ. ಅದರ ಒಂದು ಮಗ್ಗುಲಿನಿಂದ ಬಂಗಾಳ ಕೊಲ್ಲಿಯ ತೇವ, ಇನ್ನೊಂದು ಮಗ್ಗುಲಿನಿಂದ ಅರಬ್ಬಿ ಸಮುದ್ರದ ಗಾಳಿ ಒಳಬರುತ್ತವೆ. ಮಧ್ಯಾಹ್ನದ ಕಾವು ಆ ತೇವವನ್ನು ಹತ್ತು ಕಿಲೋಮೀಟರಿಗೂ ಮೇಲೆ ಎತ್ತಿಬಿಡುತ್ತದೆ. ಅಷ್ಟೆತ್ತರದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಮಂಜಿನ ಹರಳುಗಳು ಮತ್ತು ಆಲಿಕಲ್ಲುಗಳು ಒಂದಕ್ಕೊಂದು ತಿಕ್ಕಾಡಿ ಮೋಡದಲ್ಲಿ ವಿದ್ಯುತ್ ತುಂಬುತ್ತದೆ. ಹೀಗೆ ಮಧ್ಯಾಹ್ನದ ಬಿಸಿಲೇ ಸಂಜೆಯ ಸಿಡಿಲಿಗೆ ಇಂಧನ. ಎರಡೂ ಎಚ್ಚರಿಕೆ ಒಟ್ಟಿಗೆ ಬಂದರೆ ಇಲಾಖೆಗೆ ಗೊಂದಲವಾಗಿದೆ ಎಂದಲ್ಲ. ಮಧ್ಯಾಹ್ನ ಒಂದಕ್ಕೆ, ಸಂಜೆ ಇನ್ನೊಂದಕ್ಕೆ ತಯಾರಿ ಬೇಕು ಎಂದರ್ಥ.

ಅಶ್ವಿನಿ, ಭರಣಿ, ಕೃತ್ತಿಕಾ ಎಂದು ನಮ್ಮ ಹಿರಿಯರು ಲೆಕ್ಕ ಹಾಕುವ ಬೇಸಿಗೆಯ ಮಳೆಗಳು ಬಹುತೇಕ ಇವೇ. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲದವರು ಇವಕ್ಕೆ ಬಾಯಿಬಿಟ್ಟು ಕಾಯುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೇಸಿಗೆ ಭತ್ತ ಬೆಳೆದ ಗಂಗಾವತಿ, ಕಾರಟಗಿ ಭಾಗದವರಿಗೆ ಅದೇ ಮಳೆ ಎದೆ ನಡುಗಿಸುತ್ತದೆ. ಕೊಯ್ಲಿಗೆ ಬಂದ ಪೈರು ಅರ್ಧ ಗಂಟೆಯ ಗಾಳಿಗೆ ನೆಲಕ್ಕೊರಗುತ್ತದೆ. ಅಂಥವರು ಮುನ್ಸೂಚನೆಯಲ್ಲಿ ಮಳೆಯ ಪ್ರಮಾಣಕ್ಕಿಂತ ಗಾಳಿಯ ವೇಗವನ್ನು ನೋಡಬೇಕು. ‘ಗಂಟೆಗೆ 40–50 ಕಿ.ಮೀ. ವೇಗದ ಗಾಳಿ’ ಎಂದಿದ್ದರೆ ರಾಶಿ ಮುಚ್ಚುವ ತಾಡಪತ್ರಿಗೆ ಅಂಚಿನಲ್ಲಿ ಕಲ್ಲು ಇಟ್ಟರೆ ಸಾಲದು, ಹಗ್ಗ ಬಿಗಿಯಬೇಕು.

‘ಬಿಸಿಗಾಳಿ ಇಲ್ಲ’ ಎಂದರೆ ಅಪಾಯ ಇಲ್ಲ ಎಂದಲ್ಲ

ಬಿಸಿಗಾಳಿ ಎಂದು ಘೋಷಿಸಲು ಇಲಾಖೆಗೆ ಅಳತೆಗೋಲಿದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಡಿಗ್ರಿ ದಾಟಬೇಕು. ಅದೂ ಒಂದು ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಎರಡು ದಿನ ಸತತವಾಗಿ. ಕರಾವಳಿಗೆ ಮಿತಿ 37 ಡಿಗ್ರಿ. ಹೀಗಾಗಿ ಕಡಲ ತೀರದ ಮಂಗಳೂರಿನಲ್ಲಿ ‘ಬಿಸಿಗಾಳಿ’ ಎನಿಸಿಕೊಳ್ಳುವ 38 ಡಿಗ್ರಿ ಯಲಬುರ್ಗಾದ ಮಂಗಳೂರಿನಲ್ಲಿ ಬೇಸಿಗೆಯ ಮಾಮೂಲಿ ದಿನ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಊರಿನ ಮೇ ತಿಂಗಳ ವಾಡಿಕೆಯೇ 39 ಡಿಗ್ರಿ ಎಂದಿಟ್ಟುಕೊಳ್ಳಿ. ಅಲ್ಲಿ ವಾರಗಟ್ಟಲೆ 42 ಡಿಗ್ರಿ ಇದ್ದರೂ ಲೆಕ್ಕದ ಪ್ರಕಾರ ಅದು ಬಿಸಿಗಾಳಿಯಲ್ಲ, ಏಕೆಂದರೆ ವಾಡಿಕೆಗಿಂತ ಹೆಚ್ಚಿರುವುದು ಮೂರೇ ಡಿಗ್ರಿ. ನಮ್ಮ ಮೈಗೆ ಈ ಲೆಕ್ಕ ಗೊತ್ತಾಗುವುದಿಲ್ಲ. ಗಾಳಿ ಮೈಗಿಂತ ಬಿಸಿಯಾದ ಮೇಲೆ ದೇಹಕ್ಕೆ ಉಳಿಯುವ ದಾರಿ ಬೆವರು ಒಂದೇ. ಇನ್ನೊಂದು, ಇಲಾಖೆ ಹೇಳುವ ಉಷ್ಣಾಂಶ ನೆಲದಿಂದ ಒಂದು ಮೀಟರಿಗೂ ಸ್ವಲ್ಪ ಮೇಲೆ, ಗಾಳಿಯಾಡುವ ಪೆಟ್ಟಿಗೆಯ ನೆರಳಿನಲ್ಲಿ ಅಳೆದದ್ದು. ಬಿಸಿಲಲ್ಲಿ ಬಗ್ಗಿ ಕಳೆ ಕೀಳುವವರು, ತಗಡಿನ ಶೆಡ್ಡಿನಲ್ಲಿ ಕುಳಿತವರು ಅನುಭವಿಸುವುದು ಅದಕ್ಕಿಂತ ಹೆಚ್ಚು.

ಗಂಗಾವತಿಯ ಕಾಲುವೆ ಸೀಮೆಗೂ ಕುಷ್ಟಗಿಯ ಒಣ ಸೀಮೆಗೂ ಇಲ್ಲಿ ವ್ಯತ್ಯಾಸವಿದೆ. ನೀರು ನಿಂತ ಗದ್ದೆಗಳ ನಡುವೆ ಉಷ್ಣಾಂಶ ಒಂದೆರಡು ಡಿಗ್ರಿ ಕಡಿಮೆ ಇದ್ದೀತು, ಆದರೆ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಬೇಗ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಕುಷ್ಟಗಿಯ ಒಣಗಾಳಿಯಲ್ಲಿ ಬೆವರು ಹರಿಯುವ ಮೊದಲೇ ಆರಿಹೋಗುತ್ತದೆ. ‘ನನಗೆ ಬೆವರೇ ಬಂದಿಲ್ಲ’ ಎಂದುಕೊಂಡವರ ಮೈಯಿಂದ ಗೊತ್ತಾಗದಂತೆ ನೀರು ಹೋಗಿರುತ್ತದೆ. ಆ್ಯಪ್‌ನಲ್ಲಿ ಉಷ್ಣಾಂಶದ ಜೊತೆ ತೇವಾಂಶವನ್ನೂ, ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ನೋಡಿ. ರಾತ್ರಿಯೂ ಮನೆ ತಣಿಯದಿದ್ದರೆ ಮರುದಿನದ ಬಿಸಿಲು ಹೆಚ್ಚು ಅಪಾಯ.

ಸರ್ಕಾರಕ್ಕೂ ಇದು ಗೊತ್ತಿರುವ ವಿಚಾರವೇ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಏಪ್ರಿಲ್-ಮೇ ತಿಂಗಳು ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಉದ್ಯೋಗ ಖಾತ್ರಿ ಕೂಲಿಕಾರರಿಗೆ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಫ್ಯಾನಿನ ಕೆಳಗೆ ಕೂರುವವರಿಗೆ ಮಧ್ಯಾಹ್ನ ಬಿಡುವು ಸಿಗುವಾಗ ಖಾಸಗಿ ಕಟ್ಟಡ ಕೆಲಸದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರಿಗೆ ಯಾವ ಆದೇಶವೂ ರಜೆ ಕೊಡುವುದಿಲ್ಲ. ಮೇಸ್ತ್ರಿಗಳಿರುವ ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ನಾಳೆಯ ಜಿಲ್ಲಾ ಎಚ್ಚರಿಕೆಯನ್ನೇ ಮಾಡಿ.

ಪ್ರತಿವರ್ಷ ಮರಳಿ ಬರುವ ಸಂದೇಶಗಳು

‘ಏಪ್ರಿಲ್ ಕೊನೆಯಲ್ಲಿ ಈಕ್ವಿನಾಕ್ಸ್ ವಿದ್ಯಮಾನ, ಅದರಿಂದ ಭಾರಿ ಬಿಸಿಲು’ ಎಂಬುದು ಇವುಗಳಲ್ಲಿ ಹಳೆಯದು. ಈಕ್ವಿನಾಕ್ಸ್, ಅಂದರೆ ವಿಷುವ, ಬರುವುದು ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23ರ ಹೊತ್ತಿಗೆ. ಏಪ್ರಿಲ್ ಕೊನೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮೇ ತಿಂಗಳ ಮೊದಲ ದಿನಗಳಲ್ಲಿ ಕೊಪ್ಪಳ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ನಿಜ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಇನ್ನೊಮ್ಮೆ ಹೀಗೇ ಆಗುತ್ತದೆ, ಆಗ ಮೋಡ ಮತ್ತು ಹಸಿ ನೆಲ ನಮ್ಮನ್ನು ಕಾಯುತ್ತವೆ.

‘ಉಷ್ಣಾಂಶ 55 ಡಿಗ್ರಿಗೆ ಏರಲಿದೆ, ಕಾರಿನಿಂದ ಸೆಂಟು, ಲೈಟರ್ ತೆಗೆಯಿರಿ, ಹಾವು ಚೇಳು ಹೊರಬರುತ್ತವೆ’ ಎಂಬ ಸಂದೇಶ ಸಿವಿಲ್ ಡಿಫೆನ್ಸ್ ಹೆಸರಿನಲ್ಲಿ ಓಡಾಡುತ್ತದೆ. ಭಾರತದಲ್ಲಿ ದಾಖಲಾದ ಅತಿ ಹೆಚ್ಚು ಉಷ್ಣಾಂಶ 51 ಡಿಗ್ರಿ. 2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ. 2024ರ ಮೇ ಕೊನೆಯಲ್ಲಿ ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ಎಂದು ತೋರಿಸಿದಾಗ ದೇಶವೆಲ್ಲ ಸುದ್ದಿಯಾಯಿತು. ಇಲಾಖೆ ಹೋಗಿ ಪರೀಕ್ಷಿಸಿದರೆ ಸಾಧನವೇ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಮೀಟರ್ ಫೋಟೊ ತೆಗೆದು ‘ಕೊಪ್ಪಳದಲ್ಲಿ 49 ಡಿಗ್ರಿ’ ಎಂದು ಹಂಚುವವರಿಗೂ ಇದೇ ಉತ್ತರ. ಅದು ಕಾರು ಕಾದದ್ದು.

ಪೆಟ್ರೋಲ್ ಟ್ಯಾಂಕ್ ತುಂಬಿಸಿದರೆ ಬೇಸಿಗೆಯಲ್ಲಿ ಸಿಡಿಯುತ್ತದೆ ಎಂಬ ಎಚ್ಚರಿಕೆ ತನ್ನದಲ್ಲ ಎಂದು ಇಂಡಿಯನ್ ಆಯಿಲ್ ಸಂಸ್ಥೆಯೇ ಹೇಳಿದೆ. ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ ಎಂಬುದೂ ಸುಳ್ಳು. ಬಾಯಾರಿದವರಿಗೆ ನೀರು ತಡೆಯುವ ಈ ಸಂದೇಶ ಉಳಿದವುಗಳಿಗಿಂತ ಕೆಟ್ಟದ್ದು. ಇನ್ನು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ತಾಗುವುದಿಲ್ಲ ಎಂಬ ನಂಬಿಕೆ. ಕಿಸೆಯ ಉಳ್ಳಾಗಡ್ಡಿ ಏನೂ ಮಾಡುವುದಿಲ್ಲ. ಅದನ್ನೇ ಹೆಚ್ಚಿ ಮಜ್ಜಿಗೆ, ಅಂಬಲಿಯ ಜೊತೆ ತಿಂದರೆ ಹೊಟ್ಟೆಗೆ ನೀರು, ಉಪ್ಪು ಎರಡೂ ಹೋಗುತ್ತವೆ.

ಸಿಡಿಲು: ಕುರಿ ಮತ್ತು ಬೇವಿನ ಮರ

ಮೊಬೈಲ್ ಫೋನ್ ಸಿಡಿಲನ್ನು ಎಳೆಯುವುದಿಲ್ಲ. ಚಾರ್ಜರಿಗೆ ಸಿಕ್ಕಿಸಿದ ಫೋನ್ ಮಾತ್ರ ಬೇರೆ ಮಾತು. ವೈರಿನ ಮೂಲಕ ವಿದ್ಯುತ್ ಬರಬಹುದು. ಬಯಲಲ್ಲಿರುವವರ ಕಿಸೆಯ ಫೋನ್ ಜೀವ ಉಳಿಸುವ ಸಾಧನವೇ ಆಗಬಹುದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನೀವಿರುವ ಜಾಗದ 20 ಮತ್ತು 40 ಕಿಲೋಮೀಟರ್ ಸುತ್ತಳತೆಯಲ್ಲಿ ಮಿಂಚು ಬೀಳುತ್ತಿದೆಯೇ ಎಂದು ತೋರಿಸುತ್ತದೆ. ಲೊಕೇಶನ್ ಆನ್ ಇರಬೇಕು. ಜಾಗವನ್ನು ಅದು ಊರಿನ ಹೆಸರಿನಿಂದಲ್ಲ, ಜಿಪಿಎಸ್‌ನಿಂದ ಗುರುತಿಸುವುದರಿಂದ ಎರಡು ಮಂಗಳೂರಿನ ಗೊಂದಲವೂ ಇಲ್ಲ.

ನೆಟ್‌ವರ್ಕ್ ಇಲ್ಲದ ಕಡೆ ಕಿವಿಯೇ ಸಾಧನ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಮುಂದಿನ ಸಿಡಿಲು ನಿಮ್ಮಲ್ಲಿಗೇ ಬರುವಷ್ಟು ಹತ್ತಿರವಿದೆ. ತಲೆ ಮೇಲೆ ಮಳೆ ಬೀಳದಿದ್ದರೂ ಸಿಡಿಲು ಬೀಳಬಹುದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊಲಕ್ಕೆ ಮರಳಬೇಡಿ. ‘ಅರ್ಜುನ, ಫಲ್ಗುಣ’ ಎಂದು ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ಪಕ್ಕಾ ಮನೆಯೊಳಗೆ ನಿಂತು.

ಮರದ ಕೆಳಗೆ ನಿಂತ ಕುರಿ ಹಿಂಡು ಒಂದೇ ಸಿಡಿಲಿಗೆ ಸತ್ತ ಸುದ್ದಿ ಪ್ರತಿ ಬೇಸಿಗೆಯಲ್ಲಿ ಓದುತ್ತೇವೆ. ಎಲ್ಲ ಕುರಿಗೂ ಸಿಡಿಲು ಬಡಿದಿರುವುದಿಲ್ಲ. ಮರಕ್ಕೆ ಬಡಿದ ವಿದ್ಯುತ್ ಬೇರಿಗಿಳಿದು ನೆಲದಲ್ಲಿ ಹರಡುತ್ತದೆ. ಕುರಿಯ ಮುಂಗಾಲಿಗೂ ಹಿಂಗಾಲಿಗೂ ಇರುವ ಅಂತರದಲ್ಲಿ ಅದು ಮೈಯೊಳಗೆ, ಹೃದಯದ ಮೂಲಕ ಹಾಯುತ್ತದೆ. ಮನುಷ್ಯರಿಗೂ ಇದೇ ಅಪಾಯ. ಒಂಟಿ ಬೇವಿನ ಮರ, ಜಾಲಿ ಮರ, ತೆರೆದ ತಗಡಿನ ಶೆಡ್ಡು, ಟ್ರ್ಯಾಕ್ಟರ್, ಬೈಕು ಯಾವುದೂ ಆಸರೆಯಲ್ಲ. ಗಾಜು ಏರಿಸಿದ ಕಾರು, ಬಸ್ಸು ಪರವಾಗಿಲ್ಲ. ಏನೂ ಸಿಗದಿದ್ದರೆ ಮರದಿಂದ ದೂರ ಸರಿದು, ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಮಲಗಬೇಡಿ. ಹಲವರಿದ್ದರೆ ಒಬ್ಬರಿಂದೊಬ್ಬರು ದೂರ ಕೂರಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದು ತಪ್ಪು. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಲು ಶುರುಮಾಡಿ, 108ಕ್ಕೆ ಕರೆ ಮಾಡಿಸಿ. ಸಗಣಿಯಲ್ಲಿ, ಮಣ್ಣಿನಲ್ಲಿ ಹೂತಿಟ್ಟರೆ ಬದುಕುತ್ತಾರೆ ಎಂಬ ವಿಡಿಯೊ ನಂಬಿದರೆ ಕೈಲಿದ್ದ ನಿಮಿಷಗಳೂ ಹೋಗುತ್ತವೆ.

ಬಿಸಿಲಿಗೆ ಬಿದ್ದವರಿಗೆ ಏನು ಮಾಡಬೇಕು

ತಲೆ ಸುತ್ತು, ಸ್ನಾಯು ಸೆಳೆತ, ವಾಕರಿಕೆ ಇದ್ದು ಮಾತು ಸರಿಯಾಗಿದ್ದರೆ ನೆರಳಿಗೆ ಕರೆದು ಒಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಒಆರ್‌ಎಸ್ ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು. ಲೋಟಕ್ಕೆ ಸುರಿದು ಕುಡಿಸಬೇಡಿ. ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಎಚ್ಚರ ತಪ್ಪಿದರೆ ಅದು ಶಾಖಾಘಾತ. ದೇಹದೊಳಗಿನ ಕಾವು 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಲೇಬೇಕು ಎಂದೇನಿಲ್ಲ. ಗದ್ದೆ ಕೆಲಸದವರಲ್ಲಿ ಮೈ ತೊಯ್ದಿರುವಾಗಲೇ ಇದು ಆಗಬಹುದು. 108 ಬರುವವರೆಗೆ ಕಾಯದೆ ಬಟ್ಟೆ ಸಡಿಲಿಸಿ, ಮೈಮೇಲೆ ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸಿ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಚೈತ್ರದ ಹುಣ್ಣಿಮೆಯ ಹನುಮ ಜಯಂತಿಗೆ ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರು, ಬೇಸಿಗೆಯಲ್ಲೇ ಬರುವ ಹುಲಿಗೆಮ್ಮನ ಜಾತ್ರೆಗೆ ನಡೆದು ಬರುವವರು ಬೆಳಿಗ್ಗೆ ಹತ್ತರೊಳಗೆ ದರ್ಶನ ಮುಗಿಸುವಂತೆ ಹೊರಡುವುದು ಒಳ್ಳೆಯದು. ಬೆಟ್ಟದ ಬಂಡೆ ಮಧ್ಯಾಹ್ನ ಹೀರಿದ ಕಾವನ್ನು ಸಂಜೆಯೂ ಉಗುಳುತ್ತಿರುತ್ತದೆ. ಸಂಜೆ ನಾಲ್ಕರ ನಂತರ ಬಯಲು ಬೆಟ್ಟದ ತುದಿಯಲ್ಲಿರುವವರಿಗೆ ಬಿಸಿಲಿಗಿಂತ ಸಿಡಿಲಿನ ಅಪಾಯ ದೊಡ್ಡದು. ಹೊರಡುವ ಮುನ್ನ ಇಲಾಖೆಯ ‘ಮೌಸಮ್’ ಆ್ಯಪ್‌ನಲ್ಲಿ ಕೊಪ್ಪಳ ಜಿಲ್ಲೆಯ ಆ ದಿನದ ಬಣ್ಣ, ಎಚ್ಚರಿಕೆ ಕೊಟ್ಟ ಸಮಯ, ಅದು ಎಷ್ಟು ಗಂಟೆಯವರೆಗೆ ಎಂಬ ಮೂರನ್ನೂ ನೋಡಿ. ಗುಂಪಿಗೆ ಕಳಿಸುವಾಗಲೂ ಈ ಮೂರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ.